ಹೆಂಡತಿಗೆ ತಿಳಿದರೆ ಅಂಕ

ಹೆಂಡತಿಯ ದಡ್ಡತನವನ್ನು ಸರ್ಕಾರಿ ಕೆಲಸಕ್ಕೆ ಬಳಸಿಕೊಳ್ಳುವವರು ಹೊಸದುರ್ಗ ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಪಾಲಿಗೆ ಬಂದಿದ್ದಾರೆ.

ನಮ್ಮ ಮನೆಯವರು ಮತ್ತೋಡು ಕಡೆಯ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಾರೆ. ನಾನು ಹತ್ತನೇ ತರಗತಿಯ ಗಣಿತಕ್ಕೆ ಎರಡು ಸಲ ಕೂತು ಎರಡು ಸಲವೂ ಬಿದ್ದವಳು. ಇದನ್ನು ಯಾವ ಗಂಡನಾದರೂ ಊರಿಗೆಲ್ಲ ಹೇಳುತ್ತಾನೆಯೇ? ಇವರು ತರಗತಿಯಲ್ಲೇ ಹೇಳಿಬಿಟ್ಟಿದ್ದಾರೆ. "ಉತ್ತರ ನನಗೆ ಗೊತ್ತೈತೆ ಕಣ್ರಲೇ. ಅದು ಹೆಂಗೆ ಬಂತು ಅಂತ ನಿಮ್ಮ ಆಂಟಿಗೆ ತಿಳಿಯಂಗೆ ಬರೀರಿ. ಅವಳಿಗೆ ತಿಳಿದ್ರೆ ಅಂಕ, ಇಲ್ದಿದ್ರೆ ಸೊನ್ನೆ."

ಹಾಗಾಗಿ ಪರೀಕ್ಷೆ ಮುಗಿದ ಭಾನುವಾರ ಉತ್ತರಪತ್ರಿಕೆಯ ಕಟ್ಟು ನಮ್ಮ ಅಡುಗೆಮನೆಗೆ ಬರುತ್ತದೆ. ಅವರು ಓದುತ್ತಾರೆ, ಮಕ್ಕಳು ಬರೆದಷ್ಟನ್ನೇ ನಾನು ಮಾಡಬೇಕು. ಸ್ವಂತ ಬುದ್ಧಿ ಉಪಯೋಗಿಸುವಂತಿಲ್ಲ. (ಈ ಷರತ್ತು ನನಗೆ ಕಷ್ಟವಾಗದೆಂಬ ನಂಬಿಕೆ ಅವರಿಗೆ.) ಒಮ್ಮೆ ಒಬ್ಬ ಹುಡುಗ, ಅರ್ಧ ಲೀಟರ್ ನೀರನ್ನು ಮೂರು ಸಲ ಸುರಿಯಿರಿ ಎಂದು ಬರೆದಿದ್ದ. ಯಾವುದಕ್ಕೆ ಎಂದು ಬರೆದಿರಲಿಲ್ಲ. ನೆಲ ಒರೆಸಿದವಳು ನಾನೇ.

ಕಳೆದ ತಿಂಗಳು ಒಬ್ಬ ಹುಡುಗನ ತಂದೆ ಮನೆಗೇ ಬಂದರು.

"ಮೇಷ್ಟ್ರೇ, ಉತ್ತರ ಸರಿ ಐತಲ್ರೀ. ಸೊನ್ನೆ ಯಾಕೆ ಹಾಕಿದ್ರಿ?"

"ಸರಿ ಐತೆ ಕಣಪ್ಪ. ಆದ್ರೆ ನಮ್ಮನೆಯವಳಿಗೆ ತಿಳೀಲಿಲ್ಲ."

ಆತ ಕಾಯಿಲೆಯವರನ್ನು ನೋಡುವಂತೆ ನನ್ನನ್ನು ನೋಡಿದರು. ಕಾಫಿಯನ್ನೂ ಕುಡಿಯದೆ ಎದ್ದವರು ನೇರವಾಗಿ ಹೋದದ್ದು ಹೆಡ್‌ಮಾಸ್ಟರ ಹತ್ತಿರ. ಆದೇಶವಾಯಿತು. "ಇನ್ಮೇಲೆ ಉತ್ತರ ಸರಿ ಇದ್ರೆ ಅಂಕ, ತಪ್ಪಿದ್ರೆ ಸೊನ್ನೆ. ಮನೆಯವರನ್ನ ಮನೇಲೇ ಬಿಡ್ರಿ."

ಅಂದಿನಿಂದ ಇವರಿಗೆ ಊಟ ಸೇರುತ್ತಿಲ್ಲ. "ಇಷ್ಟು ವರ್ಷ ಆತು. ತನಗೆ ಗೊತ್ತಿರೋದನ್ನ ಇನ್ನೊಬ್ಬರಿಗೆ ಹೇಳಕ್ಕೆ ಒಂದು ಮಗೂಗಾದ್ರೂ ಬಂತಾ?" ಎಂದು ಗೋಡೆಯನ್ನು ಕೇಳುತ್ತಾರೆ.

ಆದರೂ ಮೊನ್ನೆಯ ಕಟ್ಟು ಅಡುಗೆಮನೆಗೇ ಬಂತು. "ಕೊನೇ ಸಲ" ಎಂದರು. "ಒಂದೇ ಒಂದು ನಿನಗೆ ತಿಳಿದ್ರೂ ಆ ಪತ್ರಿಕೆ ಹಿಡ್ಕಂಡು ಹೆಡ್‌ಮಾಸ್ಟರ ಹತ್ರ ಹೋಗಿ ಹಳೇ ಪದ್ಧತಿನೇ ಇರ್ಲಿ ಅಂತ ಕೇಳ್ತೀನಿ. ಇಲ್ಲಾಂದ್ರೆ ನಾನೂ ಎಲ್ಲರಂಗೆ ಉತ್ತರ ನೋಡಿ ಗೀಚ್ತೀನಿ."

ಪ್ರಶ್ನೆ ಇಷ್ಟೇ: ಮೂರು ರೊಟ್ಟಿಯನ್ನು ನಾಲ್ಕು ಜನರಿಗೆ ಸಮನಾಗಿ ಹಂಚುವುದು ಹೇಗೆ? ನಾನು ಮೂರು ರಾಗಿ ರೊಟ್ಟಿ ತಟ್ಟಿ, ನಾಲ್ಕು ತಟ್ಟೆ ಇಟ್ಟು, ಚಾಕು ಹಿಡಿದು ಕೂತೆ.

"ಮೂರನ್ನು ನಾಲ್ಕರಿಂದ ಭಾಗಿಸಿ" ಎಂದಿತು ಮೊದಲನೆಯದು. ಚಾಕು ಎಲ್ಲಿಡಲಿ? ಎರಡನೆಯದು: "ಆಂಟಿ, ಇನ್ನೊಂದು ರೊಟ್ಟಿ ಮಾಡ್ರಿ." ಮೂರನೆಯದು: "ಸರ್ ಉಪವಾಸ ಇರಲಿ." ಇವರು ನಗಲಿಲ್ಲ. ಹೀಗೇ ಇಡೀ ಕಟ್ಟು ಕರಗುತ್ತ ಬಂತು. ರೊಟ್ಟಿ ಆರಿ ಚರ್ಮವಾಯಿತು.

ತಳದಲ್ಲಿದ್ದದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿಯದು. ತರಗತಿಯಲ್ಲಿ ಬಾಯಿ ಬಿಟ್ಟವಳೇ ಅಲ್ಲವಂತೆ. "ಆಂಟಿ, ಎರಡು ರೊಟ್ಟಿನ ಅರ್ಧ ಅರ್ಧ ಮಾಡ್ರಿ. ತಟ್ಟೆಗೊಂದು ಅರ್ಧ ಇಡ್ರಿ. ಉಳಿದ ರೊಟ್ಟಿನ ನಾಲ್ಕು ಸಮ ಚೂರು ಮಾಡ್ರಿ. ತಟ್ಟೆಗೊಂದು ಚೂರು ಇಡ್ರಿ. ಯಾರಿಗೂ ಕಮ್ಮಿ ಆಗಲ್ಲ."

ಮಾಡಿದೆ. ಯಾರಿಗೂ ಕಮ್ಮಿಯಾಗಲಿಲ್ಲ.

"ತಿಳೀತು ಕಣ್ರೀ" ಎಂದೆ. ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಕೊನೆಯ ಸಾಲು ಓದಿದರು. "ಅರ್ಧಕ್ಕೆ ಕಾಲು ಕೂಡಿಸಿದರೆ, ಒಬ್ಬರಿಗೆ ಆರರಲ್ಲಿ ಎರಡು ಭಾಗ." ಭಿನ್ನರಾಶಿಯಲ್ಲಿ ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದಳು.

"ಅಯ್ಯೋ, ಮುಕ್ಕಾಲಲ್ವೇನ್ರೀ?" ಸ್ವಂತ ಬುದ್ಧಿ ಬಾಯಿಂದ ಜಾರಿತು.

"ಮುಕ್ಕಾಲೇ" ಎಂದರು. "ಇದ್ದದ್ದು ಇದೊಂದು. ಇದನ್ನ ಹೆಡ್‌ಮಾಸ್ಟರಿಗೆ ಹೆಂಗೆ ತೋರಿಸ್ಲಿ?"

ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಬರೆದರು. ಆ ಒಂದು ಸೊನ್ನೆ ಸುತ್ತಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ, ಇಷ್ಟು ವರ್ಷ ನನಗೆ ಮುಟ್ಟಲು ಕೊಡದ ಕೆಂಪು ಪೆನ್ನನ್ನು ನನ್ನ ಕಡೆ ಸರಿಸಿದರು. "ಪತ್ರಿಕೆ ಮೇಲೆ ನೀನೇ ಏನಾದ್ರೂ ಬರಿ." ನಾನು ಬರೆದೆ: ನನಗೆ ತಿಳಿಯಿತು ಮಗಳೇ.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಹೊಸದಾಗಿ ಒಂದು ರೊಟ್ಟಿ ತಟ್ಟಿಸಿದರು. ಅರ್ಧ ಒಂದು ತುಂಡು, ಕಾಲು ಒಂದು ತುಂಡು ಕತ್ತರಿಸಿ ಡಬ್ಬಿಗೆ ಹಾಕಿದರು. "ಆ ಮಗು ಇವೆರಡನ್ನ ಜೋಡಿಸಿ ನೋಡ್ಲಿ. ಎಷ್ಟು ಖಾಲಿ ಐತೆ ಅಂತ ಅದಕ್ಕೇ ಕಾಣ್ತದೆ."

ಉಳಿದ ಕಾಲನ್ನು ನನ್ನ ಕೈಗಿಟ್ಟರು.

"ನೀನೂ ಪಾಸಾದೆ ಕಣೇ" ಎಂದು, ನನ್ನ ಮುಖ ನೋಡದೆ ಚಪ್ಪಲಿ ಹುಡುಕತೊಡಗಿದರು.