ಅತ್ತೆ ಹೊಗಳಿದರೆ ಪಿಯಾನೊ ಪಾಠ ಮುಗಿಯಿತು

ನಮ್ಮ ಸೋದರತ್ತೆಯನ್ನು ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ಯಾರೂ ಪಿಯಾನೊ ಟೀಚರ್ ಎನ್ನುವುದಿಲ್ಲ, ಬೈಯುವ ಟೀಚರ್ ಎನ್ನುತ್ತಾರೆ. ಈ ಹೆಂಗಸಿನ ಮೇಲೆ ನನಗೂ ಕೆಂಡದಂಥ ಸಿಟ್ಟಿದೆ. ಇರದೆ ಏನು? ಹಾಲುಹಲ್ಲು ಬೀಳುವ ಮೊದಲಿನಿಂದ ಬೈಸಿಕೊಂಡವನು ನಾನು!

"ಬೆರಳ ಬಾಡಿಗಿಗೆ ತಂದೀಯೇನು? ಎತ್ತು!"

ಇದೇ ಅತ್ತೆಯ ಪಾಠಕ್ರಮ. ಒಂದನೆಯ ಕ್ಲಾಸಿನ ಹುಡುಗಿಗೂ ಇದೇ, ಕಾರ್ಖಾನೆಯಿಂದ ರಿಟೈರಾದ ತೆಲುಗು ತಾತನಿಗೂ ಇದೇ. ತಾತನಿಗೆ ಕೊನೆಯಲ್ಲೊಂದು 'ರಿ' ಸೇರಿಸುತ್ತಾಳೆ, ಅಷ್ಟೇ ಮರ್ಯಾದೆ. ಕಲಿಸುವುದು ತೆಲುಗಿನಲ್ಲಿ, ಬೈಯುವುದು ಮಾತ್ರ ಅಪ್ಪಟ ಧಾರವಾಡದ ಕನ್ನಡದಲ್ಲಿ. ತಾತ ಒಮ್ಮೆ ತಡೆಯಲಾರದೆ, "ಮೇಡಂಗಾರು, ನಾ ವಯಸು ಚೂಡಂಡಿ" ಎಂದು ತಮ್ಮ ವಯಸ್ಸನ್ನಾದರೂ ನೋಡುವಂತೆ ಗೋಗರೆದರು.

"ವಯಸ್ಸು ನಿಮಗಾಗೇತ್ರಿ. ನಿಮ್ಮ ಬೆರಳಿನ್ನೂ ತೊಟ್ಟಿಲದಾಗ ಅದಾವು!"

ಹೈಟೆಕ್ ಸಿಟಿಯಲ್ಲಿ ದಿನಕ್ಕೊಂದು ಕಂಪನಿ ಏಳುತ್ತಿದ್ದ ಕಾಲವದು. ನನ್ನ ಟೀಮ್ ಲೀಡರಿಗೆ ಆಫೀಸಿನ ವಾರ್ಷಿಕೋತ್ಸವದಲ್ಲಿ ಪಿಯಾನೊ ಬಾರಿಸಿ ಮಿಂಚುವ ಆಸೆ. ನಾನು ಸುಮ್ಮನಿರಲಾರದೆ ಅತ್ತೆಯ ಹೆಸರು ಹೇಳಿಬಿಟ್ಟೆ. ಆ ಮಹಾಶಯ ಮೊದಲ ದಿನದ ಪಾಠದಲ್ಲೇ ಎಡಗೈಯಲ್ಲಿ ಮೊಬೈಲ್ ಹಿಡಿದು, ಯಾರಿಗೋ ಡೆಡ್‌ಲೈನ್ ಕೊಡುತ್ತ, ಬಲಗೈಯಲ್ಲಿ ಬಾರಿಸಿದ. ಅತ್ತೆ ಈಗ ಸಿಡಿಯುತ್ತಾಳೆಂದು ನಾನು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದೆ. ಆಕೆಯೋ, ಬೆಲ್ಲದಂಥ ದನಿಯಲ್ಲಿ, "ಭಾಳ ಚಲೋ ಬಾರಿಸ್ತೀರಿ. ನಿಮಗ ಕಲಿಸೂದು ಏನೂ ಉಳಿದಿಲ್ಲ ಬಿಡ್ರಿ" ಅಂದಳು! ಆತ ಹಿಗ್ಗಿ ಹೀರೇಕಾಯಿಯಾದ. ಮುಂದಿನ ಶನಿವಾರ ಬಂದು ನೋಡಿದರೆ ಅವನ ಸ್ಟೂಲಿನ ಮೇಲೆ ಯಾರೋ ಅಜ್ಜಿ ಕೂತಿದ್ದರು.

"ಹೊಗಳಿ ಓಡಿಸಿದಿಯಲ್ಲ! ಸೋಮವಾರ ಅವನ ಮುಖಾ ನೋಡಾಂವ ನಾನು!" ಎಂದು ಕೂಗಾಡಿದೆ.

"ಕಲಿಯೂದ ಇಲ್ಲ ಅಂತ ಖಾತ್ರಿ ಆದವರನ್ನ ಯಾಕ ಬೈಲಿ? ನನ್ನ ಬಾಯಿ ದಂಡ" ಎಂದು ಅತ್ತೆ ಚಹಾ ಕುಡಿದಳು. ಆ ವರ್ಷ ನನಗೆ ಪ್ರಮೋಷನ್ ಬರಲಿಲ್ಲ. ಸಿಟ್ಟು ಬರಬಾರದೆ?

ಮರುವರ್ಷ ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನೋಡಲು ಬಂದವರೆಲ್ಲ ಮೆತ್ತಗೆ ಮಾತಾಡಿದರು, ಬೈಸಿಕೊಂಡವರೂ ಕೂಡ. ಒಂದು ಸಂಜೆ ಅವಳು ಗೋಡೆ ಹಿಡಿದುಕೊಂಡು ಹೋಗಿ ಪಿಯಾನೊ ಮುಂದೆ ಕೂತಳು. ಎಡಗೈಯಿಂದ ಬಲಗೈ ಎತ್ತಿ ಕೀಗಳ ಮೇಲಿಟ್ಟಳು. ಒಂದು ಸ್ವರ ಹೊರಟಿತು. ಎರಡನೆಯದಕ್ಕೆ ಬೆರಳು ಏಳಲೇ ಇಲ್ಲ. ನನಗೆ ನೋಡಲಾಗಲಿಲ್ಲ.

"ಭಾಳ ಚಲೋ ಆತು ಅತ್ತಿ. ಇಷ್ಟ ಸಾಕು" ಅಂದೆ.

ಅತ್ತೆ ನನ್ನ ಕಡೆ ತಿರುಗಿದಳು. ಆ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

"ಹಂಗಾರ... ನನ್ನ ಪಾಠಾನೂ ಮುಗೀತೇನೋ?"

ಮೈಯೆಲ್ಲ ಉರಿದುಹೋಯಿತು ನನಗೆ. ಆ ಲಕ್ವದ ಮೇಲೆ, ನನ್ನ ಹಾಳು ಮೆತ್ತನೆಯ ಮಾತಿನ ಮೇಲೆ ಸಿಟ್ಟು ಉಕ್ಕಿತು. ಬೀದಿಗೆಲ್ಲ ಕೇಳುವಂತೆ ಕಿರುಚಿದೆ:

"ಬೆರಳ ಬಾಡಿಗಿಗೆ ತಂದೀಯೇನು ಅತ್ತಿ? ಎತ್ತು!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.