ಹುಲ್ಲು ಕತ್ತರಿಸುವ ಯಂತ್ರಕ್ಕೆ ಮೂರು ಕೊಟೇಶನ್

ಕೊಳ್ಳುವವರಲ್ಲಿ ಎರಡು ಜಾತಿ. ಅಂಗಡಿಗೆ ಹೋಗಿ, ಬೆರಳು ಮಾಡಿ ತೋರಿಸಿ, ಸಾಮಾನು ಎತ್ತಿಕೊಂಡು ಮನೆಗೆ ಬರುವವರು ಒಂದು ಜಾತಿ. ನನ್ನ ಹೆಂಡತಿ ಗಿರಿಜಾ ಆ ಪೈಕಿ. ನಾನು ಇನ್ನೊಂದು ಜಾತಿ. ದಾಂಡೇಲಿಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ತಲೆಗೂದಲು ಉದುರುವವರೆಗೆ ಕೆಲಸ ಮಾಡಿದವನು. ಅಲ್ಲಿ ಒಂದು ಪೊರಕೆ ಬೇಕೆಂದರೂ ಮೂರು ಅಂಗಡಿಗಳಿಂದ ಮೂರು ಕೊಟೇಶನ್ ತರಿಸಬೇಕು, ಮೂರನ್ನೂ ಪಕ್ಕಪಕ್ಕ ಇಟ್ಟು ತೂಗಬೇಕು, ಆಮೇಲೆ ದೊಡ್ಡವರ ಸಹಿಗೆ ಕಾಯಬೇಕು. ಪೊರಕೆ ಬರುವ ಹೊತ್ತಿಗೆ ಕಸ ತಾನಾಗಿಯೇ ಗಾಳಿಗೆ ಹಾರಿಹೋಗಿರುತ್ತಿತ್ತು. ನಿವೃತ್ತಿಯ ದಿನ ನನ್ನಿಂದ ಗುರುತಿನ ಚೀಟಿ, ಕಪಾಟಿನ ಕೀಲಿ ಎಲ್ಲವನ್ನೂ ವಾಪಸು ಪಡೆದರು. ಈ ರೋಗವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಅದನ್ನು ಹೊತ್ತುಕೊಂಡೇ ನಾನು ಕ್ವಾರ್ಟರ್ಸ್ ಬಿಟ್ಟು, ಹಳಿಯಾಳ ರಸ್ತೆಯ ಪಕ್ಕ ಕಟ್ಟಿಸಿದ ಸ್ವಂತ ಮನೆಗೆ ಬಂದೆ.

ಮನೆಯ ಮುಂದೆ ಅಂಗಳ ಬಿಡಿಸಿದ್ದು ನನ್ನ ಹಟ. ಕ್ವಾರ್ಟರ್ಸಿನಲ್ಲಿ ನಮ್ಮದು ಎರಡನೇ ಮಹಡಿ. ಕಿಟಕಿಯಿಂದ ದೊಡ್ಡ ಸಾಹೇಬರ ಬಂಗಲೆಯ ಹುಲ್ಲುಹಾಸು ಕಾಣುತ್ತಿತ್ತು. ಸಂಜೆ ಸಾಹೇಬರು ಬೆತ್ತದ ಕುರ್ಚಿ ಹಾಕಿಸಿಕೊಂಡು, ಆ ಹಸಿರಿನ ನಡುವೆ ಚಹಾ ಕುಡಿಯುತ್ತಿದ್ದರು. ಫೈಲು ಹಿಡಿದು ಅಲ್ಲಿಗೆ ಹೋದಾಗಲೆಲ್ಲ ನಾನು ವರಾಂಡದವರೆಗೆ ಮಾತ್ರ. ಹುಲ್ಲಿನ ಮೇಲೆ ಕಾಲಿಡಲು ಯಾರೂ ಕರೆಯಲಿಲ್ಲ, ನಾನೂ ಇಡಲಿಲ್ಲ. ಇಷ್ಟು ವಯಸ್ಸಾದ ಮೇಲೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಅಂಥದೊಂದು ಹುಲ್ಲುಹಾಸು ಬೇಕಿತ್ತು, ಅದರ ನಡುವೆ ಕುಳಿತು ಚಹಾ ಕುಡಿಯಬೇಕಿತ್ತು.

ಹುಲ್ಲೇನೋ ಬಂತು. ನಮ್ಮ ಕಡೆ ಹುಲ್ಲನ್ನು ಯಾರೂ ಕೈ ಮುಗಿದು ಕರೆಯಬೇಕಾಗಿಲ್ಲ. ಮಳೆಗಾಲ ಹಿಡಿದ ಮೇಲೆ ಮೊದಲು ಹಿಮ್ಮಡಿ ಮುಚ್ಚಿತು, ಆಮೇಲೆ ಮೊಳಕಾಲು. ಕತ್ತರಿಸುವ ಯಂತ್ರ ತರುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ. ಒಂದು ದಿನ ಗಿರಿಜಾ ಮೆಟ್ಟಿಲ ಮೇಲೆ ನಿಂತು ಹೇಳಿದಳು: "ಇದರಾಗ ಹುಲಿ ಬಂದು ಮರಿ ಹಾಕಿದ್ರೂ ನಮಗ ಗೊತ್ತಾಗಂಗಿಲ್ಲ. ದೀಪಾವಳಿಗೆ ನನ್ನ ತಂಗೇರು ಬರ್ತಾರ. ಅಷ್ಟ್ರಾಗ ನಿಮ್ಮ ಮಷೀನ್ ಬಂದು ಇದನ್ನ ಬೋಳಿಸಿದ್ರ ಸರಿ. ಇಲ್ಲಾಂದ್ರ ಇಡೀ ಅಂಗಳಕ್ಕ ಪೇವರ್ ಕಲ್ಲು ಹಾಕಿಸ್ತೇನಿ. ತೊಳದ್ರ ಕನ್ನಡಿ ಆಗ್ತೈತಿ, ಸಂಡಿಗಿ ಒಣಸಾಕ ಬರ್ತೈತಿ, ಹಾವು ಬಂದ್ರ ದೂರದಿಂದನ ಕಾಣ್ತೈತಿ." ಗಿರಿಜಾ ಬೆದರಿಸುವವಳಲ್ಲ, ಮಾಡುವವಳು. ಅಂದೇ ಯಂತ್ರ ಹುಡುಕಲು ಹೊರಟೆ.

ಫೋನಿನಲ್ಲಿ ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಮೊದಲು ಕೇಳಿದ್ದು, "ಅಂಗಳ ಸಣ್ಣದೋ, ಮೀಡಿಯಮ್ಮೋ, ದೊಡ್ಡದೋ?" ನಾನು ತಬ್ಬಿಬ್ಬಾದೆ. ಜೀವನದಲ್ಲಿ ಎಲ್ಲದರಲ್ಲೂ ಮಧ್ಯಮನಾಗಿದ್ದವನು, ಅಂಗಳ ಮಾತ್ರ ಬೇರೆ ಹೇಗಾದೀತು ಎಂದುಕೊಂಡು "ಮೀಡಿಯಂ" ಎಂದೆ. ಆದರೂ ಸಂಶಯ ಹೋಗಲಿಲ್ಲ. ಗಿರಿಜಾಳನ್ನು ಕೇಳಿದರೆ, ಎರಡು ಸಾಲು ಬಟ್ಟೆ ಒಣಹಾಕುವಷ್ಟು ಇದೆ, ಸಣ್ಣದು ಎಂದಳು. ಪಕ್ಕದಲ್ಲೇ ಗ್ಯಾರೇಜು ಇಟ್ಟಿರುವ ದಾದಾಪೀರನನ್ನು ಕೇಳಿದೆ. ಅವನು ಬೇಲಿಯಾಚೆಯಿಂದ ಒಂದು ಕಣ್ಣು ಮುಚ್ಚಿ ಅಳೆದು, "ಎರಡು ಲಾರಿ, ಒಂದು ಟೆಂಪೋ ನಿಲ್ತಾವ್ರಿ. ದೊಡ್ಡದ ಐತಿ" ಎಂದ. ಇಬ್ಬರ ಮಾತನ್ನೂ ಕೂಡಿಸಿ ಭಾಗಿಸಿದರೆ ಮಧ್ಯಮವೇ ಬಂತು. ಸಮಾಧಾನವಾಯಿತು.

ಯಂತ್ರಗಳಲ್ಲಿ ನಾಲ್ಕು ಬಗೆ ಎಂದು ತಿಳಿಯಿತು. ವೈರು ಇರುವುದು, ಬ್ಯಾಟರಿಯದು, ಪೆಟ್ರೋಲಿನದು, ಕೈಯಿಂದ ತಳ್ಳುವುದು. ವೈರಿನದು ನಮ್ಮೂರಿಗೆ ಆಗದು, ಇಲ್ಲಿ ಕರೆಂಟು ಇದ್ದಾಗ ಮಳೆ, ಮಳೆ ನಿಂತಾಗ ಕರೆಂಟು ಇಲ್ಲ. ಬ್ಯಾಟರಿಯದನ್ನು ನಾನೇ ಕೈಬಿಟ್ಟೆ. ಕೈಯಲ್ಲಿರುವ ಫೋನನ್ನೇ ಚಾರ್ಜಿಗೆ ಹಾಕಲು ಮರೆಯುವವನು, ಹುಲ್ಲಿನ ಯಂತ್ರವನ್ನು ನೆನಪಿಟ್ಟೇನೆ? ಪೆಟ್ರೋಲಿನದರ ಪರ ದಾದಾಪೀರ ವಕಾಲತ್ತು ವಹಿಸಿದ. "ಪೆಟ್ರೋಲ್ ತಗೋರಿ ಸಾಹೇಬ್ರ, ಕೆಟ್ರ ನಾನ ಅದೇನಿ."

"ಕೆಡದಿದ್ರ?"

"ಕೆಡದಿದ್ರ ನನಗೇನ ಉಪಯೋಗ?" ಎಂದು ಸ್ಪ್ಯಾನರು ಒರೆಸಿಕೊಂಡ.

ಪರೀಕ್ಷಿಸದೆ ಕೊಳ್ಳಬಾರದು ಎಂಬುದು ನಮ್ಮ ವಿಭಾಗದ ಇನ್ನೊಂದು ಪಾಠ. ಜೊಯಿಡಾದ ಹತ್ತಿರ ಹೋಂಸ್ಟೇ ನಡೆಸುವ ಗೆಳೆಯ ಪ್ರಭಾಕರನ ಬಳಿ ಪೆಟ್ರೋಲ್ ಯಂತ್ರವಿತ್ತು. ಬಸ್ಸು ಹಿಡಿದು ಹೋದೆ. ಅವನ ಹುಲ್ಲುಹಾಸು ನೋಡಿ ಹೊಟ್ಟೆಕಿಚ್ಚಾಯಿತು, ಅಷ್ಟು ಚೊಕ್ಕಟ. ಯಂತ್ರ ಶುರುವಾಗಬೇಕಾದರೆ ಅದರ ಹಗ್ಗ ಎಳೆಯಬೇಕು. ಎಳೆದೆ. ಅದು ಕೆಮ್ಮಿತು, ಸುಮ್ಮನಾಯಿತು. ಮತ್ತೆ ಎಳೆದೆ. "ಅರೇ ಬಾಬಾ, ಎಳೀಬೇಕು. ದೇವಸ್ಥಾನದ ಗಂಟೆ ಹೊಡೆದಂಗೆ ಹೊಡೀಬಾರದು" ಎಂದ ಪ್ರಭಾಕರ. ಗೋವೆಯಿಂದ ಬಂದಿದ್ದ ಅತಿಥಿಗಳು ಒಬ್ಬೊಬ್ಬರಾಗಿ ಹೊರಬಂದು ನಿಂತರು. ಇದೂ ಕಾಡಿನ ಸಾಹಸ ಕ್ರೀಡೆಗಳಲ್ಲಿ ಒಂದು ಎಂದು ತಿಳಿದು ಒಬ್ಬಾಕೆ ವಿಡಿಯೋ ಮಾಡತೊಡಗಿದಳು. ನಾನು ಮೀಸೆ ಇಲ್ಲದಿದ್ದರೂ ಮೀಸೆ ತಿರುವುವವನ ಗತ್ತಿನಲ್ಲಿ ಮೈಯೆಲ್ಲ ಬಲ ಹಾಕಿ ಎಳೆದೆ. ಯಂತ್ರ ಶುರುವಾಗಲಿಲ್ಲ, ನನ್ನ ಭುಜ ಶುರುವಾಯಿತು. ವಾಪಸು ಬರುವ ಬಸ್ಸಿಗಾಗಿ ಜೊಯಿಡಾದಲ್ಲಿ ಮುಲಾಮು ಹಚ್ಚಿಕೊಂಡು ಬಹಳ ಹೊತ್ತು ಕುಳಿತಿದ್ದೆ. ಉಳಿದದ್ದು ಕೈಯಿಂದ ತಳ್ಳುವ ಯಂತ್ರ.

ಅದಕ್ಕೆ ಹುಬ್ಬಳ್ಳಿಯಿಂದ ಒಂದು ಕೊಟೇಶನ್ ಬಂತು, ಧಾರವಾಡದಿಂದ ಇನ್ನೊಂದು. ಮೂರನೆಯದು ಬರಲಿಲ್ಲ. ಮೂರನೆಯದಿಲ್ಲದೆ ಎರಡನ್ನು ಹೇಗೆ ನೋಡುವುದು? ಶ್ರಾವಣ ಬಂತು, ಹೋಯಿತು. ಗಣೇಶನೂ ಬಂದುಹೋದ. ಹುಲ್ಲು ಸೊಂಟಕ್ಕೆ ಬಂತು. ಕೊನೆಗೆ ಹಳಿಯಾಳಕ್ಕೆ ಹೋಗಿ, ಕೃಷಿ ಸಲಕರಣೆ ಮಾರುವ ಮಲ್ಲಪ್ಪನ ಅಂಗಡಿಯಲ್ಲಿ ನನ್ನ ಕಷ್ಟ ತೋಡಿಕೊಂಡೆ. ಅವನು ಪಾಪ, ಧಾರಾಳಿ. "ಅದಕ್ಯಾಕ ಚಿಂತಿ ಮಾಡ್ತೀರಿ? ಮೂರೂ ನಾನ ಕೊಡ್ತೇನಿ. ನನ್ನ ಹೆಸರಿಲೆ ಒಂದು, ನಮ್ಮ ತಮ್ಮನ ಹೆಸರಿಲೆ ಒಂದು, ಅಳಿಯನ ಹೆಸರಿಲೆ ಒಂದು. ಎಲ್ಲಾ ಆಫೀಸಿನವ್ರಿಗೂ ಹಂಗ ಮಾಡಿ ಕೊಡೂದು. ನಿಮ್ಮದು ಯಾವ ಆಫೀಸ್ರಿ?"

"ಆಫೀಸಿಲ್ಲ. ನಮ್ಮ ಮನಿಗೆ ಬೇಕಾಗೇತಿ."

ಮಲ್ಲಪ್ಪ ಪೆನ್ನು ಕೆಳಗಿಟ್ಟ. "ರೊಕ್ಕ ಯಾರದ್ರಿ?"

"ನಂದ."

"ಮತ್ತ ಕೊಟೇಶನ್ ಯಾರಿಗೆ ತೋರಸ್ತೀರಿ?"

ಹೆಂಡತಿಗೆ ಎಂದು ಹೇಳಿದ್ದರೆ ಅವನು ನಂಬುತ್ತಿದ್ದನೇನೋ, ಆದರೆ ಗಿರಿಜಾ ಅಂಥವನ್ನು ಒಗ್ಗರಣೆ ಡಬ್ಬಿಯ ಕೆಳಗೆ ಹಾಸುತ್ತಾಳೆ. ಸುಮ್ಮನೆ ದುಡ್ಡು ಕೊಟ್ಟು, ಅವನ ಅಂಗಡಿಯ ಮೂಲೆಯಲ್ಲಿದ್ದ ಯಂತ್ರವನ್ನೇ ಟೆಂಪೋಕ್ಕೆ ಹೇರಿಸಿಕೊಂಡು ಬಂದೆ. ಜನ್ಮದಲ್ಲಿ ಮೊದಲ ಸಲ ಬೆರಳು ಮಾಡಿ ತೋರಿಸಿ ಕೊಂಡಿದ್ದೆ. ದಾರಿಯುದ್ದಕ್ಕೂ ಯಾರಾದರೂ ತಡೆದು ವಿವರಣೆ ಕೇಳುತ್ತಾರೆ ಎಂಬ ಅಳುಕು.

ಮನೆ ಮುಟ್ಟಿದರೆ ಗೇಟಿನ ಹತ್ತಿರ ಪೇವರ್ ಕಲ್ಲುಗಳ ಒಂದು ರಾಶಿ. ಕಂತ್ರಾಟುದಾರ ಬಣ್ಣ ಆರಿಸಲೆಂದು ಮಾದರಿ ಇಳಿಸಿ ಹೋಗಿದ್ದ. ಗಿರಿಜಾ ಒಂದೇ ಒಂದು ಫೋನು ಮಾಡಿದ್ದಳಂತೆ. ನಾನು ಅವಳಿಗೆ ಕಾಯಲು ಹೇಳಿ, ಯಂತ್ರವನ್ನು ಅಂಗಳಕ್ಕೆ ಇಳಿಸಿ ತಳ್ಳಿದೆ. ಅದು ಒಂದು ಮಾರು ಹೋಯಿತು, ಹುಲ್ಲನ್ನೆಲ್ಲ ಚಕ್ರಕ್ಕೆ ಸುತ್ತಿಕೊಂಡಿತು, ನಿಂತಿತು. ಬಿಡಿಸಿದೆ, ತಳ್ಳಿದೆ, ಮತ್ತೆ ನಿಂತಿತು. ಚಕ್ರದ ಅಗಲ, ಹಿಡಿಯ ಎತ್ತರ, ಗ್ಯಾರಂಟಿಯ ಅವಧಿ, ಎಲ್ಲವನ್ನೂ ತಿಂಗಳುಗಟ್ಟಲೆ ತೂಗಿದವನು ನಾನು. ಹುಲ್ಲು ಎಷ್ಟು ಎತ್ತರ ಇರಬೇಕು ಎಂಬುದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. ಬೆಳೆದು ನಿಂತ ಹುಲ್ಲಿಗೆ ಈ ಯಂತ್ರವಲ್ಲ. ಕೊಟೇಶನ್ನಿಗೆ ಕಾಯುತ್ತ ಬೆಳೆಸಿದವನೂ ನಾನೇ. ಸೊಂಟದೆತ್ತರದ ಹುಲ್ಲಿನ ನಡುವೆ, ಬೆವರು ಸುರಿಸುತ್ತ ನಿಂತಾಗ ನಿಜಕ್ಕೂ ಅಳು ಬಂತು.

ಗಿರಿಜಾ ನನ್ನ ಮುಖ ನೋಡಿದಳು. ಬೈಯಲಿಲ್ಲ. ರಸ್ತೆಗೆ ಹೋಗಿ, ಎಮ್ಮೆಗಳಿಗೆ ಮೇವು ಹುಡುಕುತ್ತ ಹೊರಟಿದ್ದ ಗೌಳಿ ಹೆಂಗಸರನ್ನು ಕರೆದಳು. "ಹುಲ್ಲು ನಿಮ್ದು, ಅಂಗಳ ನಮ್ದು. ಕೊಯ್ಕೊಂಡು ಹೋಗ್ರವಾ" ಎಂದಳು. ಅವರು ಕುಡುಗೋಲು ಹಾಕಿ, ನಗುತ್ತ ಮಾತಾಡುತ್ತ, ಮಧ್ಯಾಹ್ನದ ಊಟದ ಹೊತ್ತಿಗೆ ಹೊರೆ ಕಟ್ಟಿಕೊಂಡು ಹೋದರು. ಆಮೇಲೆ ಯಂತ್ರ ತಳ್ಳಿದರೆ ಚರಚರನೆ ಓಡಿತು. ಕೊಡ್ರಿ ಇಲ್ಲಿ ಎಂದು ಗಿರಿಜಾ ತಾನೇ ಹಿಡಿದಳು. ಒಂದು ಪಟ್ಟಿ ಎಳೆದಳು, ಪಕ್ಕದಲ್ಲಿ ಇನ್ನೊಂದು. ಸಂಜೆಯವರೆಗೆ ಕೈ ಬಿಡಲಿಲ್ಲ. ಕತ್ತಲಾಗುವ ಮುನ್ನ ಕಂತ್ರಾಟುದಾರನಿಗೆ ಫೋನು ಮಾಡಿ, ಕಲ್ಲು ಬೇಡ ಎಂದಳು. ನನ್ನ ಹುಲ್ಲುಹಾಸು ಉಳಿಯಿತು.

ದೀಪಾವಳಿಗೆ ತಂಗಿಯರು ಬಂದರು. ಸಂಜೆ ನಾನು ಸಾಹೇಬರ ಗತ್ತಿನಲ್ಲಿ ಹಸಿರಿನ ನಡುವೆ ಕುರ್ಚಿ ಹಾಕಿಸಿದೆ. ಚಹಾ ಬಂತು. ಹಿಂದಿನ ವಾರವಷ್ಟೇ ಮಳೆ ಬಿದ್ದು ನೆಲ ಮೆತ್ತಗಿತ್ತು. ಮೊದಲು ಕಿರಿಯ ನಾದಿನಿಯ ಕುರ್ಚಿ ಒಂದು ಕಡೆ ಇಳಿಯಿತು. ನಾನು ನಗಲೆಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಕುರ್ಚಿಯೂ ಹಿಂಗಾಲಿನ ಮೇಲೆ ಕುಸಿದು, ಚಹಾ ಎದೆಯ ಮೇಲೆ ಬಂತು. ಗಿರಿಜಾ ಎದ್ದು ಹೋಗಿ, ಗೇಟಿನ ಬಳಿ ಉಳಿದಿದ್ದ ಮಾದರಿ ಕಲ್ಲುಗಳನ್ನು ಒಂದೊಂದಾಗಿ ತಂದು ಎಲ್ಲರ ಕುರ್ಚಿಯ ಕಾಲಿಗೂ ಕೊಟ್ಟಳು. ಉಳಿದ ಕಲ್ಲನ್ನು ನನ್ನ ಮುಂದೆ ಸಾಲಾಗಿ ಜೋಡಿಸಿದಳು.

"ಇದ್ಯಾಕ?" ಎಂದೆ. "ನನಗ ಹುಲ್ಲಿನ ಮ್ಯಾಲೆ ಕಾಲಿಟ್ಟು ಕುಂದ್ರಬೇಕು."

"ಕುಂದರ್ರಿ, ಯಾರು ಬ್ಯಾಡಂದ್ರು?" ಎಂದು ಅವಳು ತಂಗಿಯರ ಕಡೆ ತಿರುಗಿದಳು.

ನಾನು ಚಪ್ಪಲಿ ಕಳಚಿ, ಇಷ್ಟು ವರ್ಷ ಆಸೆಪಟ್ಟಂತೆ ಎರಡೂ ಪಾದಗಳನ್ನು ಹುಲ್ಲಿನ ಮೇಲೆ ಊರಿದೆ. ತಣ್ಣಗಿತ್ತು. ಒದ್ದೆಯೂ ಇತ್ತು. ಸ್ವಲ್ಪ ಹೊತ್ತಿಗೆ ಇರುವೆಗಳು ಹತ್ತಿದವು. ದೊಡ್ಡ ಸಾಹೇಬರು ಸಂಜೆ ಚಹಾಕ್ಕೂ ಬೂಟು ಹಾಕಿಕೊಂಡೇ ಕೂರುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು. ನಾದಿನಿಯರು ಹುಲ್ಲನ್ನು ಹೊಗಳುತ್ತಿದ್ದರು. ನಾನು ಹೂಂಗುಡುತ್ತ, ಯಾರೂ ನೋಡದಂತೆ, ಕಾಲುಗಳನ್ನು ಒಂದೊಂದಾಗಿ ಎತ್ತಿ ಕಲ್ಲಿನ ಮೇಲೆ ಇಟ್ಟುಕೊಂಡೆ.