ಮಾವನವರ ಕಪಾಟು

ಅಂಗಡಿ ಬೋರ್ಡು ಬರೆಯುವ ಪೇಂಟರ್‌ಗೆ ಚಿಕ್ಕಂದಿನಿಂದಲೂ ಲೆಕ್ಕವೆಂದರೆ ಎದೆ ಡವಡವ. ಹದಿಮೂರರ ಮಗ್ಗಿ ಅರ್ಧಕ್ಕೆ ಬರುವಷ್ಟರಲ್ಲಿ ನಾಲಿಗೆ ಒಣಗುತ್ತಿತ್ತು, ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಮುಂದೆ ಆ ಮೇಷ್ಟ್ರ ಮಗಳನ್ನೇ ಪ್ರೀತಿಸಿ ಮದುವೆಯಾದ ಮಹಾನುಭಾವ ಈತ. ಈಗ ಮಾವ ರಿಟೈರಾಗಿ, ಪುಸ್ತಕಗಳ ಸಮೇತ ಇವನ ಮನೆಗೇ ಬರುವವರಿದ್ದರು.

ಅಪ್ಪ ಬರುವುದರೊಳಗೆ ಕಪಾಟು ರೂಮಿನಲ್ಲಿರಬೇಕೆಂದು ಹೆಂಡತಿಯ ಅಪ್ಪಣೆಯಾಗಿತ್ತು. ಟೇಪಿನ ಅಂಕಿ ಕಂಡರೆ ತಲೆ ಸುತ್ತುವ ಪೇಂಟರ್, ರೂಮಿನ ಬಾಗಿಲನ್ನು ಗೇಣಿನಲ್ಲೇ ಅಳೆದು, ಸುತ್ತಲೂ ಪುಸ್ತಕ ಹಿಡಿಸುವಂತೆ ನಾಲ್ಕು ಗೇಣಿನ ಚೌಕದ ಕಪಾಟು ಮಾಡಲು ಬಡಗಿಗೆ ಹೇಳಿದ್ದ. ಬಡಗಿ ಸರಿಯಾಗಿ ನಾಲ್ಕು ಗೇಣೇ ಮಾಡಿದ. ಆದರೆ ಅವನ ಕೈ ಮೊರದಷ್ಟಗಲ.

ಕಪಾಟು ಬಾಗಿಲಲ್ಲೇ ನಿಂತಿತು. ಮೇಲಿನ ಮನೆಯ ಅಜ್ಜಿ ಮಲಗಿಸಿ ನೋಡಿ ಎಂದರು, ಎದುರುಮನೆಯ ಡ್ರೈವರ್ ರಿವರ್ಸ್ ತಗೊಳ್ಳಿ ಎಂದ. ಯಾರೋ ಸೋಪಿನ ನೀರು ಸುರಿದರು. ಪೇಂಟರ್ ಜಾರಿ ಬಿದ್ದ, ಕಪಾಟು ಕದಲಲಿಲ್ಲ. ಮಾವ ಬಂದದ್ದು ಅವನು ನೆಲದ ಮೇಲಿದ್ದಾಗಲೇ.

"ಏನು ಅಳಿಯಂದಿರೇ, ಅಗಲ ಎಷ್ಟು?"

"ನಾಲ್ಕು ಗೇಣು, ಮಾವ."

ಮಾವ ಬಾಗಿಲನ್ನು ಅಳೆದರು. ನಾಲ್ಕೂವರೆ ಬಂತು. ಲೆಕ್ಕ ಸರಿಯಿದ್ದರೆ ವಸ್ತು ಹೋಗಲೇಬೇಕು, ನಿಮಗೆ ತಳ್ಳಲು ಬರುವುದಿಲ್ಲ ಎಂದು ಎಲ್ಲರನ್ನೂ ಗದರಿಸಿದರು. ಬಾಗಿಲ ರೆಕ್ಕೆ ಕಳಚಿಸಿ, ತಾವು ಒಳಗೆ ನಿಂತು ದಾರಿ ತೋರಿಸಿದರು. ಇಡೀ ಬೀದಿಯೇ ಉಸಿರು ಬಿಗಿಹಿಡಿದು ತಳ್ಳಿತು. ಕಪಾಟು ಕಿರ್ರೆಂದು ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮಾವ ಒಳಗೇ ಉಳಿದರು.

ಪೇಂಟರ್‌ಗೆ ಆಗ ಹೊಳೆಯಿತು.

"ಮಾವ, ಬಾಗಿಲು ಅಳೆದಿದ್ದು ಯಾರ ಗೇಣಲ್ಲಿ?"

"ನಂದೇ. ಯಾಕೆ?"

"ಕಪಾಟಿಂದು ಬಡಗಿ ಗೇಣು."

ಜನ್ಮದಲ್ಲಿ ಮೊದಲ ಸಲ ಮೇಷ್ಟ್ರ ತಪ್ಪು ಹಿಡಿದಿದ್ದ. ಪೇಂಟರ್‌ಗೆ ಕುಣಿಯುವಷ್ಟು ಸಂತೋಷವಾಯಿತು.

ಫೋನ್ ಮಾಡಿದರೆ ಬಡಗಿ ಬೆಳಿಗ್ಗೆ ಬರುತ್ತೇನೆಂದ. ಅಷ್ಟರಲ್ಲಿ ಕಪಾಟಿನ ಸಂದಿಯಿಂದ ಆ ಹಳೆಯ ದನಿ ಬಂತು.

"ಬಡಗಿ ಬರೋದು ಬೆಳಿಗ್ಗೆ ತಾನೆ? ಅಲ್ಲಿವರೆಗೆ ಸುಮ್ನೆ ಯಾಕೆ ಕೂರೋದು. ಹದಿಮೂರರ ಮಗ್ಗಿ ಹೇಳೋ."

ಪೇಂಟರ್ ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ. ಅವಳು ಕುರ್ಚಿ ತಂದು ಅವನ ಹಿಂದೆ ಇಟ್ಟಳು.

"ಕೂತ್ಕೊಂಡೇ ಹೇಳಿ" ಎಂದಳು.